ಚಾಕೊಲೇಟ್ ಡಬ್ಬಿಯ ಲೆಕ್ಕ: ಕೊಕ್ಕೊ ಬೆಳೆದವನಿಗೆ ಸಿಗೋದೆಷ್ಟು?

ರಜೆಗೆ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಚಾಕೊಲೇಟ್ ಇರಲೇಬೇಕು. ಡಬ್ಬಿಯ ಮೇಲೆ ಸ್ವಿಟ್ಜರ್‌ಲ್ಯಾಂಡ್, ಬೆಲ್ಜಿಯಂ ಅಂತ ಬರೆದಿರುತ್ತದೆ. ಆದರೆ ಅಲ್ಲಿ ಕೊಕ್ಕೊ ಬೆಳೆಯೋದಿಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾದಿಂದ. ಚಾಕೊಲೇಟಿಗೆ ನಾವು ಕೊಡುವ ನೂರು ರೂಪಾಯಿಯಲ್ಲಿ ಆ ರೈತರಿಗೆ ಸೇರೋದು ಆರೇಳು ರೂಪಾಯಿ ಅನ್ನೋದು ಸಾಮಾನ್ಯ ಅಂದಾಜು.

ಇದನ್ನು ಸರಿಪಡಿಸಲು ಹುಟ್ಟಿದ್ದೇ ನ್ಯಾಯಬೆಲೆಯ ವ್ಯಾಪಾರ, ಅಂದರೆ ಫೇರ್‌ಟ್ರೇಡ್. ಇದು ದಾನ ಅಲ್ಲ, ಖರೀದಿಯ ಷರತ್ತು. 2019ರ ಅಕ್ಟೋಬರ್‌ನಿಂದ ಅದು ಕೊಕ್ಕೊಗೆ ಟನ್ನಿಗೆ 2,400 ಡಾಲರ್ ಕನಿಷ್ಠ ಬೆಲೆ ಇಟ್ಟಿತು. ಮಾರುಕಟ್ಟೆ ದರ 2,000ಕ್ಕೆ ಇಳಿದರೆ ಉಳಿದ 400 ಡಾಲರನ್ನು ಖರೀದಿದಾರ ತುಂಬಿಕೊಡಬೇಕಿತ್ತು. ಜೊತೆಗೆ ಟನ್ನಿಗೆ 240 ಡಾಲರ್ ಪ್ರೀಮಿಯಂ ಇಟ್ಟಿತು. ಇದು ರೈತರ ಸಹಕಾರ ಸಂಘಕ್ಕೆ ಹೋಗುತ್ತದೆ. ಶಾಲೆಗೋ, ಬಾವಿಗೋ, ನಗದಾಗಿಯೋ ಅಂತ ಸದಸ್ಯರೇ ತೀರ್ಮಾನ ಮಾಡುತ್ತಾರೆ. ಆದರೆ ಈ ಕನಿಷ್ಠ ಬೆಲೆ ಹಡಗಿಗೆ ತುಂಬುವ ಹಂತದ್ದು, ಅಂದರೆ ಎಫ್‌ಒಬಿ ದರ. ಪೂರ್ತಿ ರೈತನ ಕೈಗೆ ಬರೋದಿಲ್ಲ.

ಎರಡೂ ದೇಶದ ಸರಕಾರಗಳು ಸೇರಿ 2020-21ರ ಹಂಗಾಮಿನಿಂದ ಟನ್ನಿಗೆ 400 ಡಾಲರ್ ಹೆಚ್ಚುವರಿ ಕೇಳಿದವು. ಖರೀದಿದಾರರು ಒಪ್ಪಿದರು. ಆದರೆ ಆ ದೇಶಗಳ ಬೀಜಕ್ಕೆ ಮೊದಲಿನಿಂದ ಕೊಡುತ್ತಿದ್ದ ಇನ್ನೊಂದು ಹೆಚ್ಚುವರಿಯಲ್ಲಿ ಕಡಿತ ಮಾಡಿದರು. ಲೆಡ್ಜರಿನ ಒಂದು ಕಡೆ ಕೂಡಿ ಇನ್ನೊಂದು ಕಡೆ ಕಳೆದ ಹಾಗಾಯಿತು.

2024ರಲ್ಲಿ ಬೆಳೆ ಕೈಕೊಟ್ಟು ನ್ಯೂಯಾರ್ಕ್ ದರ 10,000 ಡಾಲರ್ ದಾಟಿತು. ಆಗಲೂ ರೈತರಿಗೆ ಅದರ ಸಣ್ಣ ಪಾಲು ಮಾತ್ರ. ಕಾರಣ, ಅಲ್ಲಿ ರೈತನ ದರವನ್ನು ಸರಕಾರ ನಿಗದಿ ಮಾಡುತ್ತದೆ, ಮತ್ತು ಬೆಳೆಯ ಬಹುಭಾಗವನ್ನು ಹಳೆಯ ಕಡಿಮೆ ದರಕ್ಕೆ ಮುಂಗಡವಾಗಿ ಮಾರಿ ಆಗಿತ್ತು.

ಹಾಗಾದರೆ ಕನಿಷ್ಠ ಬೆಲೆ ಸಾಕಾ? ಬೀಳುವವನನ್ನು ಅದು ತಡೆಯುತ್ತದೆ, ಮೇಲೆತ್ತೋದಿಲ್ಲ. ದೊಡ್ಡ ಲಾಭ ಇರೋದು ಬೀಜ ಚಾಕೊಲೇಟ್ ಆಗುವ ಹಂತಗಳಲ್ಲಿ. ಎಷ್ಟೋ ಶ್ರೀಮಂತ ದೇಶಗಳು ಬೀಜಕ್ಕೆ ಸುಂಕ ಹಾಕೋದಿಲ್ಲ, ತಯಾರಾದ ಚಾಕೊಲೇಟಿಗೆ ಹಾಕುತ್ತವೆ. ಕೆಲವು ದೇಶಗಳಿಗೆ ಒಪ್ಪಂದದ ರಿಯಾಯಿತಿ ಇದೆ. ಇಲ್ಲದ ಬಡ ದೇಶ ಬೀಜ ಮಾರುವುದರಲ್ಲೇ ಉಳಿಯುತ್ತದೆ.

ಈ ಹಂತ ದಾಟಿದ ಉದಾಹರಣೆ ನಮ್ಮ ದಕ್ಷಿಣ ಕನ್ನಡದಲ್ಲೇ ಇದೆ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ, ಕೊಕ್ಕೊ ದರ ಕುಸಿದು ಕೇಳುವವರಿಲ್ಲದಾಗ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿತು. ಬೀಜ ಬೆಳೆದವರೇ ಕಾರ್ಖಾನೆಯ ಒಡೆಯರೂ ಆದರು. ಘಾನಾದ ರೈತನಿಗೂ ಬೇಕಾಗಿರೋದು ಇಂಥದ್ದೇ.

ಮುಂದಿನ ಸಲ ಡ್ಯೂಟಿ ಫ್ರೀಯಲ್ಲಿ ಚಾಕೊಲೇಟ್ ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ಫೇರ್‌ಟ್ರೇಡ್ ಮುದ್ರೆ ಇದೆಯಾ, ಬೀಜ ಎಲ್ಲಿಯದು, ತಯಾರಾದದ್ದು ಎಲ್ಲಿ ಅಂತ. ಬೆಳೆದ ದೇಶದಲ್ಲೇ ತಯಾರಾದದ್ದು ಸಿಕ್ಕರೆ ಒಂದು ಡಬ್ಬಿ ಅದನ್ನೂ ತೆಗೆದುಕೊಳ್ಳಿ.