ಹೂವಿನ ಗಣಿತ, ಚಿತ್ರದ ಗಣಿತ

ಸೂರ್ಯಕಾಂತಿಯ ಹೂವನ್ನು ನೋಡದವರು ಕರ್ನಾಟಕದಲ್ಲಿ ವಿರಳ. ಮುಂಗಾರು ಹಂಗಾಮಿನಲ್ಲಿ ಗುಂಡ್ಲುಪೇಟೆಯ ಸುತ್ತಮುತ್ತ, ಹೆದ್ದಾರಿಯ ಎರಡೂ ಮಗ್ಗುಲಿಗೆ, ಹಳದಿಯ ಜಮಖಾನ ಹಾಸಿದಂತೆ ಈ ಬೆಳೆ ಅರಳಿ ನಿಂತಿರುತ್ತದೆ. ಊಟಿಯ ಕಡೆಗೆ ಹೊರಟ ಪ್ರವಾಸಿಗರು ವಾಹನ ನಿಲ್ಲಿಸಿ, ಹೊಲದ ಬದುವಿನ ಮೇಲೆ ನಿಂತು ಛಾಯಾಚಿತ್ರ ತೆಗೆದುಕೊಳ್ಳುವುದು ಅಲ್ಲಿನ ಸಾಮಾನ್ಯ ನೋಟ. ಅವರಲ್ಲಿ ಹೆಚ್ಚಿನವರ ಕಣ್ಣನ್ನು ಸೆಳೆಯುವುದು ಹೂವಿನ ಅಂಚಿನ ಹಳದಿ ಎಸಳುಗಳು. ನಡುವಿನ ಕಂದು ತಟ್ಟೆಯನ್ನು ದಿಟ್ಟಿಸಿ ನೋಡುವವರು ಕಡಿಮೆ. ನಿಜವಾದ ಸೋಜಿಗ ಅಡಗಿರುವುದು ಆ ತಟ್ಟೆಯಲ್ಲಿ.

ಸಸ್ಯಶಾಸ್ತ್ರದ ದೃಷ್ಟಿಯಿಂದ ಸೂರ್ಯಕಾಂತಿಯು ಒಂದು ಹೂವಲ್ಲ, ನೂರಾರು ಹೂಗಳ ಕೂಟ. ತಟ್ಟೆಯಲ್ಲಿ ಕಾಣುವ ಒಂದೊಂದು ಚುಕ್ಕೆಯೂ ಒಂದೊಂದು ಪುಟ್ಟ ಹೂವು. ಮುಂದೆ ಅದೇ ಒಂದು ಬೀಜವಾಗುತ್ತದೆ. ಈ ಚುಕ್ಕೆಗಳು ಅಸ್ತವ್ಯಸ್ತವಾಗಿ ಹರಡಿಕೊಂಡಿಲ್ಲ. ನಡುವಿನಿಂದ ಅಂಚಿನವರೆಗೆ ಬಾಗಿ ಸಾಗುವ ಸುರುಳಿಗಳಲ್ಲಿ ಅವು ಸಾಲುಗೊಂಡಿವೆ. ಒಂದು ಗುಂಪಿನ ಸುರುಳಿಗಳು ಬಲಕ್ಕೆ ಬಾಗಿದರೆ ಇನ್ನೊಂದು ಗುಂಪಿನವು ಎಡಕ್ಕೆ ಬಾಗುತ್ತವೆ. ತಾಳ್ಮೆಯಿಂದ ಎಣಿಸಿದವನಿಗೆ ಸಾಮಾನ್ಯವಾಗಿ ಒಂದು ದಿಕ್ಕಿನಲ್ಲಿ 34, ಇನ್ನೊಂದು ದಿಕ್ಕಿನಲ್ಲಿ 55 ಸುರುಳಿಗಳು ಸಿಗುತ್ತವೆ. ಹೂವು ದೊಡ್ಡದಾದರೆ 55 ಮತ್ತು 89. ಸೂರ್ಯಕಾಂತಿ ಸಿಗದವರು ಸಂತೆಯಿಂದ ಒಂದು ಅನಾನಸು ಹಣ್ಣನ್ನು ತಂದು ಅದರ ಮೈಮೇಲಿನ ಕಣ್ಣುಗಳ ಸಾಲುಗಳನ್ನು ಎಣಿಸಬಹುದು. ಅಲ್ಲಿ ಬಹುಮಟ್ಟಿಗೆ 8 ಮತ್ತು 13 ದೊರೆಯುತ್ತವೆ.

ಈ ಸಂಖ್ಯೆಗಳು ಒಂದು ಶ್ರೇಣಿಗೆ ಸೇರಿದವು: 1, 2, 3, 5, 8, 13, 21, 34, 55, 89. ಯಾವುದೇ ಎರಡು ನೆರೆಯ ಸಂಖ್ಯೆಗಳನ್ನು ಕೂಡಿದರೆ ಮುಂದಿನದು ಬರುತ್ತದೆ. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ಎಂಬ ಗಣಿತಜ್ಞ 1202ರಲ್ಲಿ ಬರೆದ ತನ್ನ ಗ್ರಂಥದಲ್ಲಿ ಮೊಲಗಳ ಸಂತಾನದ ಲೆಕ್ಕವೊಂದನ್ನು ಬಿಡಿಸುವಾಗ ಇವನ್ನು ಬಳಸಿದನು. ಫಿಬೊನಾಚಿ ಎಂಬ ಅವನ ಇನ್ನೊಂದು ಹೆಸರಿನಿಂದಲೇ ಈ ಸಂಖ್ಯೆಗಳು ಇಂದು ಪ್ರಸಿದ್ಧವಾಗಿವೆ. ಆದರೆ ಅವನಿಗಿಂತ ಬಹಳ ಮೊದಲೇ ಭಾರತದ ಛಂದಶ್ಶಾಸ್ತ್ರಕಾರರು ಇವನ್ನು ಕಂಡುಕೊಂಡಿದ್ದರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂಬುದು ಛಂದಸ್ಸಿನ ಪಾಠವನ್ನು ಓದಿದ ವಿದ್ಯಾರ್ಥಿಗೆಲ್ಲ ತಿಳಿದ ಸಂಗತಿ. ಹಾಗಾದರೆ ನಾಲ್ಕು ಮಾತ್ರೆಗಳ ಒಂದು ಗಣವನ್ನು ಎಷ್ಟು ಬಗೆಯಲ್ಲಿ ರಚಿಸಬಹುದು? ಗಣದ ಕೊನೆಯಲ್ಲಿ ಲಘು ಬಂದರೆ ಅದರ ಹಿಂದೆ ಮೂರು ಮಾತ್ರೆಗಳಿರಬೇಕು. ಅವನ್ನು ಜೋಡಿಸುವ ಬಗೆಗಳು ಮೂರು. ಕೊನೆಯಲ್ಲಿ ಗುರು ಬಂದರೆ ಹಿಂದೆ ಎರಡು ಮಾತ್ರೆಗಳಿರಬೇಕು. ಅವನ್ನು ಜೋಡಿಸುವ ಬಗೆಗಳು ಎರಡು. ಒಟ್ಟು ಐದು. ಇದೇ ತರ್ಕದಿಂದ ಐದು ಮಾತ್ರೆಯ ಗಣಕ್ಕೆ ಎಂಟು ರೂಪಗಳು, ಆರು ಮಾತ್ರೆಯದಕ್ಕೆ ಹದಿಮೂರು. (ಕನ್ನಡದ ಕವಿಗಳು ಇವೆಲ್ಲವನ್ನೂ ಬಳಸುವುದಿಲ್ಲ, ಲಘುವಿನ ಮೇಲೆ ಗುರು ಬಂದು ಆರಂಭವಾಗುವ ಗಣವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದು ಬೇರೆಯ ಮಾತು.) ವಿರಹಾಂಕನೂ ಅವನ ಬಳಿಕ ಸುಮಾರು 1150ರ ವೇಳೆಗೆ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರನೂ ಈ ನಿಯಮವನ್ನು ಹೇಳಿದ್ದರು. ಪದ್ಯದ ಲಯವನ್ನು ಅಳೆಯಲು ಹೊರಟವರಿಗೆ ಸಿಕ್ಕ ಸಂಖ್ಯೆಗಳೇ ಹೂವಿನ ತಟ್ಟೆಯಲ್ಲೂ ಕುಳಿತಿವೆಯೆಂಬುದು ಅವರಿಗೆ ತಿಳಿದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಈ ಶ್ರೇಣಿಯಲ್ಲಿ ಒಂದು ಸಂಖ್ಯೆಯನ್ನು ಅದರ ಹಿಂದಿನ ಸಂಖ್ಯೆಯಿಂದ ಭಾಗಿಸುತ್ತ ಹೋದರೆ 1.6, 1.625, 1.615 ಎಂದು ಭಾಗಲಬ್ಧವು ತುಸು ಹೆಚ್ಚುತ್ತ ತುಸು ಕುಗ್ಗುತ್ತ, ಕೊನೆಗೆ 1.618ರ ಸಮೀಪ ನೆಲೆಗೊಳ್ಳುತ್ತದೆ. ಇದಕ್ಕೆ ಸುವರ್ಣ ಅನುಪಾತವೆಂದು ಹೆಸರು. ಒಂದು ವೃತ್ತದ ಸುತ್ತನ್ನು ಇದೇ ಅನುಪಾತದಲ್ಲಿ ಎರಡಾಗಿ ವಿಭಾಗಿಸಿದರೆ ಚಿಕ್ಕ ಭಾಗವು ಸುಮಾರು 137.5 ಡಿಗ್ರಿಗಳ ಕೋನವಾಗುತ್ತದೆ. ಸೂರ್ಯಕಾಂತಿಯ ಗುಟ್ಟು ಇರುವುದು ಈ ಕೋನದಲ್ಲಿ.

ಗಿಡದ ಬೆಳೆಯುವ ತುದಿಯಲ್ಲಿ ಎಲೆಯ ಅಥವಾ ಹೂವಿನ ಮೊಳಕೆಗಳು ಒಂದಾದ ಮೇಲೊಂದು ಹುಟ್ಟುತ್ತವೆ. ಒಂದು ಮೊಳಕೆಗೂ ಮುಂದಿನದಕ್ಕೂ ನಡುವೆ 120 ಡಿಗ್ರಿಗಳ ತಿರುವು ಇದ್ದರೆ ನಾಲ್ಕನೆಯದು ಒಂದನೆಯದರ ನೇರದಲ್ಲಿಯೇ ಬರುತ್ತದೆ. ಚಕ್ರದ ಅರಗಳಂತೆ ಮೂರು ಸಾಲುಗಳು ಮೂಡಿ, ನಡುವಿನ ಜಾಗವೆಲ್ಲ ವ್ಯರ್ಥವಾಗುತ್ತದೆ. ತಿರುವು 135 ಡಿಗ್ರಿಗಳಾದರೆ ಎಂಟು ಸಾಲುಗಳು. ಆಗಲೂ ಜಾಗ ಖಾಲಿ ಉಳಿಯುತ್ತದೆ. ಪೂರ್ಣ ಸುತ್ತನ್ನು ಯಾವ ಸರಳ ಭಿನ್ನರಾಶಿಯಿಂದ ತುಂಡರಿಸಿದರೂ ಗತಿ ಇಷ್ಟೇ. 137.5 ಡಿಗ್ರಿಗಳ ತಿರುವು ಮಾತ್ರ ಸರಳ ಭಿನ್ನರಾಶಿಗಳಿಂದ ಆದಷ್ಟು ದೂರ ನಿಲ್ಲುವಂಥದು. ಆದ್ದರಿಂದ ಯಾವ ಮೊಳಕೆಯೂ ಇನ್ನೊಂದರ ನೇರಕ್ಕೆ ಬಂದು ಬೀಳುವುದಿಲ್ಲ. ಬೀಜಗಳು ಒತ್ತೊತ್ತಾಗಿ ತಟ್ಟೆಯನ್ನು ತುಂಬುತ್ತವೆ.

ಹಾಗೆಂದು ಗಿಡಕ್ಕೆ ಕೋನಮಾಪಕದ ಅರಿವುಂಟೆ? ಖಂಡಿತ ಇಲ್ಲ. 1992ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ದುವಾದಿ ಮತ್ತು ಕೂದೆರ್ ಒಂದು ಸರಳ ಪ್ರಯೋಗವನ್ನು ಮಾಡಿದರು. ಎಣ್ಣೆಯಿದ್ದ ತಟ್ಟೆಯ ನಡುವಿಗೆ ಕಾಂತಗುಣವುಳ್ಳ ದ್ರವದ ಹನಿಗಳನ್ನು ಒಂದೊಂದಾಗಿ ಬೀಳಿಸಿದರು. ಹನಿಗಳು ಪರಸ್ಪರ ವಿಕರ್ಷಿಸುತ್ತ ಅಂಚಿನ ಕಡೆಗೆ ಸರಿದವು. ಹನಿಗಳು ನಿಧಾನವಾಗಿ ಬಿದ್ದಾಗ ಒಂದು ಈಚೆಗೆ, ಒಂದು ಆಚೆಗೆ ಹೋಯಿತು. ಬೇಗಬೇಗನೆ ಬಿದ್ದಾಗ ಅವುಗಳ ನಡುವಿನ ತಿರುವು ತಾನಾಗಿಯೇ 137.5 ಡಿಗ್ರಿಗಳನ್ನು ಸಮೀಪಿಸಿ, ಸೂರ್ಯಕಾಂತಿಯ ಸುರುಳಿಗಳೇ ಮೂಡಿದವು. ಜೀವವಿಲ್ಲದ ಹನಿಗಳೂ ಈ ಕ್ರಮಕ್ಕೆ ಬಂದವೆಂದರೆ, ಹಿಂದಿನವರಿಂದ ದೂರ ಸರಿದು ಇರುವ ಜಾಗದಲ್ಲಿ ನೆಲೆಗೊಳ್ಳುವ ಒಂದೇ ನಿಯಮ ಇದಕ್ಕೆ ಸಾಕೆಂದು ತಿಳಿಯುತ್ತದೆ. ಗಿಡದಲ್ಲಿ ಈ ಕೆಲಸವನ್ನು ನಡೆಸುವುದು ಆಕ್ಸಿನ್ ಎಂಬ ರಸ. ಅದು ಸಂಗ್ರಹವಾದೆಡೆ ಹೊಸ ಮೊಳಕೆ ಹುಟ್ಟುತ್ತದೆ. ಹುಟ್ಟಿದ ಮೊಳಕೆ ತನ್ನ ಸುತ್ತಲಿನ ಆಕ್ಸಿನನ್ನು ಸೆಳೆದುಕೊಳ್ಳುವುದರಿಂದ ಅದರ ಪಕ್ಕದಲ್ಲಿಯೇ ಇನ್ನೊಂದು ಹುಟ್ಟಲಾರದು.

ಕಾರಣ ಇಂಥದಾದ್ದರಿಂದ ಹೂವು ಪ್ರತಿ ಬಾರಿಯೂ ಲೆಕ್ಕ ತಪ್ಪದೆ ನಡೆಯಬೇಕೆಂಬ ಕಟ್ಟಳೆಯಿಲ್ಲ. ಗಣಿತಜ್ಞ ಅಲನ್ ಟ್ಯೂರಿಂಗ್ ತನ್ನ ಕೊನೆಯ ವರ್ಷಗಳಲ್ಲಿ ಈ ಸುರುಳಿಗಳನ್ನು ಕುರಿತು ಚಿಂತಿಸುತ್ತಿದ್ದನು. 1954ರಲ್ಲಿ ಆತ ತೀರಿಕೊಂಡಾಗ ಕೆಲಸ ಅಪೂರ್ಣವಾಗಿಯೇ ಉಳಿಯಿತು. ಅವನ ಜನ್ಮಶತಾಬ್ದಿಯ ವರ್ಷವಾದ 2012ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಸ್ತುಸಂಗ್ರಹಾಲಯವೊಂದು ಸೂರ್ಯಕಾಂತಿಯನ್ನು ಬೆಳೆದು ಸುರುಳಿಗಳನ್ನು ಎಣಿಸುವಂತೆ ಜನಸಾಮಾನ್ಯರಿಗೆ ಕರೆಕೊಟ್ಟಿತು. 657 ಹೂಗಳ ವಿವರಗಳು ಬಂದವು. ಅವುಗಳಲ್ಲಿ ನಂಬಲರ್ಹವೆಂದು ಆರಿಸಿಕೊಂಡ 768 ಎಣಿಕೆಗಳ ಪೈಕಿ 565 ಫಿಬೊನಾಚಿ ಸಂಖ್ಯೆಗಳಾಗಿದ್ದವು ಎಂದು 2016ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಉಳಿದವುಗಳಲ್ಲಿ ಕೆಲವು ಆ ಕ್ರಮಕ್ಕೆ ಹತ್ತಿರದವು. ಕೆಲವು ಹೂಗಳಲ್ಲಿ ಯಾವ ಕ್ರಮವೂ ಸ್ಪಷ್ಟವಾಗಿ ಕಾಣಲಿಲ್ಲ. ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದುದು ಎಣಿಕೆಯೊಡನೆ ಬಂದ ಛಾಯಾಚಿತ್ರಗಳಿಂದ. ಬಾಯಿಮಾತಿನ ಎಣಿಕೆಯನ್ನು ನಂಬುವುದು ಕಷ್ಟ. ಚಿತ್ರವಿದ್ದರೆ ಬೇರೊಬ್ಬರು ಮತ್ತೆ ಎಣಿಸಿ ನೋಡಬಹುದು.

ಎಣಿಸದೆ ನಂಬಿದರೆ ಏನಾಗುವುದೆಂಬುದಕ್ಕೆ ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪು ಒಳ್ಳೆಯ ಉದಾಹರಣೆ. ಸುವರ್ಣ ಅನುಪಾತವನ್ನು ವಿವರಿಸುವ ಎಷ್ಟೋ ಪುಸ್ತಕಗಳ ಮುಖಪುಟದಲ್ಲಿ ಈ ಚಿಪ್ಪಿನ ಸುಂದರ ಚಿತ್ರವಿರುತ್ತದೆ. ಆ ಅನುಪಾತದಿಂದ ರಚಿಸಿದ ಸುರುಳಿಯು ಒಂದು ಸುತ್ತು ಬರುವಷ್ಟರಲ್ಲಿ ಸುಮಾರು ಏಳು ಪಟ್ಟು ಹಿಗ್ಗಬೇಕು. ನಾಟಿಲಸ್ ಚಿಪ್ಪು ಹಿಗ್ಗುವುದು ಸುಮಾರು ಮೂರು ಪಟ್ಟು ಮಾತ್ರ. ಅಲ್ಲಿಯೂ ಗಣಿತವಿದೆ: ಪ್ರತಿ ಸುತ್ತಿನಲ್ಲೂ ಒಂದೇ ಪಟ್ಟಿನಿಂದ ಹಿಗ್ಗುವುದರಿಂದ ಜೀವಿ ಎಷ್ಟು ಬೆಳೆದರೂ ಅದರ ಮನೆಯ ಆಕಾರ ಕೆಡುವುದಿಲ್ಲ. ಆದರೆ ಅದು ಸುವರ್ಣ ಅನುಪಾತವಲ್ಲ. ಒಂದು ಅಳತೆಪಟ್ಟಿಯಿಂದ ಬಗೆಹರಿಯುವ ವಿಷಯವನ್ನು ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡುತ್ತ ಬಂದುದು ಅಚ್ಚರಿಯೇ ಸರಿ.

ಛಾಯಾಚಿತ್ರಕಲೆಯಲ್ಲೂ ಇಂಥದೇ ಎಚ್ಚರ ಬೇಕು. ಚಿತ್ರದ ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಮೂರು ಸಮಭಾಗಗಳಾಗಿ ವಿಭಾಗಿಸಿಕೊಂಡು, ಮುಖ್ಯ ವಸ್ತುವನ್ನು ಆ ಗೆರೆಗಳು ಕೂಡುವ ಬಿಂದುವೊಂದರಲ್ಲಿ ಇರಿಸಬೇಕೆಂಬ ನಿಯಮವೊಂದಿದೆ. ಇಂದಿನ ಮೊಬೈಲ್ ಫೋನುಗಳ ಪರದೆಯ ಮೇಲೂ ಈ ಗೆರೆಗಳನ್ನು ಮೂಡಿಸಿಕೊಳ್ಳಬಹುದು. ಮೂರನೆಯ ಒಂದು ಭಾಗದ ಈ ಸೂತ್ರವನ್ನು ಹೆಸರಿಟ್ಟು ಹೇಳಿದವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ, 1797ರಲ್ಲಿ. ಆಗ ಛಾಯಾಚಿತ್ರಕಲೆ ಹುಟ್ಟಿಯೇ ಇರಲಿಲ್ಲ. ಅವನು ಹೇಳಿದ್ದು ಭೂದೃಶ್ಯದ ವರ್ಣಚಿತ್ರಗಳನ್ನು ಕುರಿತು. ಇನ್ನು ಕೆಲವರು ವಸ್ತುವನ್ನು ಇರಿಸಬೇಕಾದುದು ಮೂರನೆಯ ಒಂದು ಭಾಗದಲ್ಲಲ್ಲ, ಸುವರ್ಣ ಅನುಪಾತದ ಬಿಂದುವಿನಲ್ಲಿ ಎಂದು ವಾದಿಸುತ್ತಾರೆ. ಇವೆರಡರ ಅಂತರವೆಷ್ಟು? 36 ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ ಒಂದು ಬಿಂದು ಅಂಚಿನಿಂದ 12 ಮಿಲಿಮೀಟರ್ ದೂರದಲ್ಲಿದೆ, ಇನ್ನೊಂದು ಸುಮಾರು 13.75 ಮಿಲಿಮೀಟರ್ ದೂರದಲ್ಲಿ. ಹೊಲದಲ್ಲಿ ಕ್ಯಾಮೆರಾ ಹಿಡಿದು ನಿಂತವನ ಕೈ ಅದಕ್ಕಿಂತ ಹೆಚ್ಚು ಅಲುಗುತ್ತದೆ! ಆ ಚೌಕಟ್ಟಾದರೂ ಸೌಂದರ್ಯದ ಲೆಕ್ಕದಿಂದ ಬಂದುದಲ್ಲ. ಓಸ್ಕರ್ ಬಾರ್ನಾಕ್ ಎಂಬ ಜರ್ಮನ್ ತಂತ್ರಜ್ಞ, ಚಲನಚಿತ್ರದ ಫಿಲ್ಮಿನಲ್ಲಿದ್ದ 18 ಮತ್ತು 24 ಮಿಲಿಮೀಟರ್ ಅಳತೆಯ ಚೌಕಟ್ಟನ್ನು ಎರಡರಷ್ಟು ಮಾಡಿ, 24 ಮತ್ತು 36 ಮಿಲಿಮೀಟರ್ ಎಂದು ಗೊತ್ತುಮಾಡಿದನು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದಿಂದ ಆ ಅಳತೆ ಲೋಕಕ್ಕೆಲ್ಲ ಹಬ್ಬಿತು.

ಆದರೂ ಈ ಸೂತ್ರದಿಂದ ಪ್ರಯೋಜನವಿಲ್ಲವೆನ್ನಲಾಗದು. ಹೊಲದ ನಡುವೆ ನಿಂತ ರೈತನ ಚಿತ್ರವನ್ನು ತೆಗೆಯುವಾಗ ದಿಗಂತವು ಚೌಕಟ್ಟಿನ ಸರಿಮಧ್ಯದಲ್ಲಿ ಹಾದುಹೋದರೆ ಆಕಾಶ, ನೆಲಗಳೆರಡೂ ಸಮಪಾಲು ಬೇಡುತ್ತವೆ. ಕಣ್ಣಿಗೆ ಯಾವುದು ಮುಖ್ಯವೆಂದು ತೋಚುವುದಿಲ್ಲ. ದಿಗಂತವನ್ನು ಮೇಲಿನ ಗೆರೆಗೆ ಏರಿಸಿದರೆ ಹೂಗಳ ಹೊಲ ವಿಸ್ತಾರವಾಗಿ ಕಾಣುತ್ತದೆ. ಕೆಳಗಿನ ಗೆರೆಗೆ ಇಳಿಸಿದರೆ ಮುಂಗಾರಿನ ಮೋಡ ಪ್ರಧಾನವಾಗುತ್ತದೆ. ರೈತನು ಎಡಕ್ಕೆ ನೋಡುತ್ತಿದ್ದರೆ ಅವನನ್ನು ಬಲಭಾಗದಲ್ಲಿರಿಸಿ, ಅವನ ನೋಟ ಹರಿಯಲು ಎಡಗಡೆ ಜಾಗ ಬಿಡಬೇಕು. ಇವೆಲ್ಲ ನೋಡುವ ಕಣ್ಣಿನ ಅಭ್ಯಾಸಕ್ಕೆ ಸಂಬಂಧಿಸಿದ ಸಂಗತಿಗಳು. ಹೂವಿನ ಸುರುಳಿಯಂತೆ ಜಾಗದ ಅನಿವಾರ್ಯತೆಯಿಂದ ಹುಟ್ಟಿದವಲ್ಲ. ಸುರುಳಿಗಳನ್ನು ಎಣಿಸಲೆಂದು ಚಿತ್ರ ತೆಗೆಯುವಾಗ ಈ ಸೂತ್ರವನ್ನು ಪೂರ್ತಿ ಬದಿಗಿಡಬೇಕಾಗುತ್ತದೆ. ಆಗ ಹೂವಿನ ನಡುವು ಚೌಕಟ್ಟಿನ ನಡುವಿನಲ್ಲೇ ಇರಬೇಕು. ಕ್ಯಾಮೆರಾ ತಟ್ಟೆಗೆ ನೇರವಾಗಿ ಎದುರಾಗಿರಬೇಕು. ಓರೆಯಾದರೆ ವೃತ್ತವು ಅಂಡಾಕಾರಕ್ಕೆ ತಿರುಗಿ ಒಂದು ಮಗ್ಗುಲಿನ ಸಾಲುಗಳು ಒಂದರಲ್ಲೊಂದು ಸೇರಿಹೋಗುತ್ತವೆ. ಬೆಳಗಿನ ಅಥವಾ ಸಂಜೆಯ ಬಿಸಿಲು ಒಂದು ಪಕ್ಕದಿಂದ ಬೀಳುವಂತಿದ್ದರೆ ಪ್ರತಿಯೊಂದು ಬೀಜದ ನೆರಳೂ ಸಾಲುಗಳನ್ನು ಬೇರ್ಪಡಿಸಿ ತೋರಿಸುತ್ತದೆ.

ಛಾಯಾಗ್ರಾಹಕನು ಎಂದೂ ಮೀರಲಾರದ ಅನುಪಾತವೊಂದು ಕ್ಯಾಮೆರಾದ ಒಳಗೇ ಇದೆ. ಮಸೂರದ ಉಂಗುರದ ಮೇಲೆ 2, 2.8, 4, 5.6, 8, 11, 16 ಎಂಬ ಅಂಕೆಗಳನ್ನು ಕೊರೆದಿರುತ್ತಾರೆ. ಮಸೂರದ ನಾಭಿದೂರವನ್ನು ಬೆಳಕು ಒಳಬರುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಈ ಅಂಕೆಗಳು ದೊರೆಯುತ್ತವೆ. ಅಂಕೆ ದೊಡ್ಡದಾದಂತೆ ರಂಧ್ರ ಚಿಕ್ಕದು. ಮೊದಲ ನೋಟಕ್ಕೆ ಇವು ಅರ್ಥವಿಲ್ಲದ ಅಂಕೆಗಳು. ಒಂದನ್ನು ಅದರ ಹಿಂದಿನದರಿಂದ ಭಾಗಿಸಿದರೆ ಎಲ್ಲೆಲ್ಲೂ ಸುಮಾರು 1.414, ಎಂದರೆ ಎರಡರ ವರ್ಗಮೂಲ ಸಿಗುತ್ತದೆ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ, ವ್ಯಾಸವನ್ನು 1.414ರಿಂದ ಭಾಗಿಸಿದರೆ ಬೆಳಕು ಸರಿಯಾಗಿ ಅರ್ಧಕ್ಕಿಳಿಯುತ್ತದೆ. ನಾಟಿಲಸ್ ಚಿಪ್ಪಿನ ಸುತ್ತುಗಳಂತೆ ಇದೂ ಒಂದು ಗುಣೋತ್ತರ ಶ್ರೇಢಿ.

ಸೂರ್ಯಕಾಂತಿಯ ತಟ್ಟೆ ಸಪಾಟಲ್ಲ. ಅನೇಕ ವೇಳೆ ನಡುವೆ ತುಸು ಉಬ್ಬಿರುತ್ತದೆ. ನಡುವಿನ ಬೀಜವೂ ಅಂಚಿನ ಬೀಜವೂ ಒಂದೇ ಚಿತ್ರದಲ್ಲಿ ಸ್ಫುಟವಾಗಿ ಮೂಡಬೇಕಾದರೆ ರಂಧ್ರವನ್ನು ಕಿರಿದುಮಾಡಬೇಕು. 5.6ರಿಂದ 11ಕ್ಕೆ ಹೋದರೆ ಬೆಳಕು ಎರಡು ಬಾರಿ ಅರ್ಧವಾಗಿ ನಾಲ್ಕನೆಯ ಒಂದು ಪಾಲಷ್ಟೇ ಉಳಿಯುತ್ತದೆ. ಆ ಕೊರತೆಯನ್ನು ಕಾಲದಿಂದ ತುಂಬಬೇಕು. ಸೆಕೆಂಡಿನ 250ನೆಯ ಒಂದು ಭಾಗದಷ್ಟು ತೆರೆದಿರುತ್ತಿದ್ದ ಶಟರನ್ನು ಸುಮಾರು 60ನೆಯ ಒಂದು ಭಾಗದಷ್ಟು ಹೊತ್ತು ತೆರೆದಿಡಬೇಕು. ಅಷ್ಟು ಹೊತ್ತಿನಲ್ಲಿ ಬಯಲಿನ ಗಾಳಿ ಆಳೆತ್ತರದ ದಂಟನ್ನು ಅಲುಗಿಸಿದರೆ ಸುರುಳಿಗಳೆಲ್ಲ ಕಲಸಿಹೋಗುತ್ತವೆ. ಆದ್ದರಿಂದ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಹೂವಿನ ದಂಟಿಗೆ ಕೋಲೊಂದನ್ನು ಆಸರೆಯಾಗಿ ಕಟ್ಟಿ, ಗಾಳಿ ಅಡಗುವವರೆಗೆ ಕಾಯಬೇಕಾಗುತ್ತದೆ.