ಅನಿಲ ತುಂಬಿಸುವ ಮುನ್ನ

ಬೆಂಗಳೂರಿನವರಿಗೆ ಹವಾನಿಯಂತ್ರಣವೇಕೆ ಎಂದು ಕೇಳುತ್ತಿದ್ದ ಕಾಲವೊಂದಿತ್ತು. 2016ರ ಏಪ್ರಿಲ್ ತಿಂಗಳಲ್ಲಿ ಇಲ್ಲಿಯ ಉಷ್ಣಮಾನವು 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಹಾಗೆ ಕೇಳುವವರು ವಿರಳರಾಗಿದ್ದಾರೆ.

ಕಳೆದ ಬೇಸಿಗೆಯಲ್ಲಿ ಉಸಿರಾಟದ ತೊಂದರೆಯುಳ್ಳ ನಮ್ಮ ಅಕ್ಕನವರನ್ನು ಜೆ.ಪಿ. ನಗರದಿಂದ ಜಯನಗರದ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದಾಗ ಕಾರಿನ ಏ.ಸಿ. ಬಿಸಿಗಾಳಿಯನ್ನು ಊದತೊಡಗಿತು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಧಗೆ. ಅಕ್ಕನವರ ಏದುಸಿರನ್ನು ಕಂಡು ನಮ್ಮ ಕೈಕಾಲೇ ಆಡಲಿಲ್ಲ. ಮರುದಿನ ಮೆಕ್ಯಾನಿಕ್ ಒಬ್ಬರು “ಗ್ಯಾಸ್ ಮುಗಿದಿದೆ ಸ್ವಾಮಿ” ಎಂದು ತುಂಬಿಸಿಕೊಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಬಿಸಿಗಾಳಿ. ಮತ್ತೆ ತುಂಬಿಸಿದೆವು, ಮತ್ತೆ ಹಣ ತೆತ್ತೆವು.

“ಮುಗಿದಿದೆ” ಎಂಬ ಮಾತಿನಲ್ಲಿಯೇ ದೋಷವಿತ್ತೆಂಬುದು ಆಮೇಲೆ ತಿಳಿಯಿತು. ಈ ಅನಿಲವು ಪೆಟ್ರೋಲಿನಂತೆ ಉರಿದು ತೀರುವಂಥದಲ್ಲ. ಕಂಪ್ರೆಸರು ಅದನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಚೆಲ್ಲಿ ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಒತ್ತಡ ತಗ್ಗಿ ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ನ್ಯಾಯದಿಂದ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ವರ್ಷಗಟ್ಟಲೆ ಸುತ್ತುತ್ತಿರಬೇಕು. ಅಲ್ಪಸ್ವಲ್ಪ ಜಿನುಗುವುದು ಸಹಜವಾದರೂ ಮೂರು ವಾರದಲ್ಲಿ ಬರಿದಾಯಿತೆಂದರೆ ಎಲ್ಲಿಯೋ ರಂಧ್ರವಿದೆ ಎಂದೇ ಅರ್ಥ.

ಮನೆಯವರೇ ಗಮನಿಸಬಹುದಾದದ್ದೂ ಸಾಕಷ್ಟಿದೆ. ಗಾಳಿ ತಂಪಾಗಿದ್ದು ರಭಸವಿಲ್ಲದಿದ್ದರೆ ಅನಿಲದ ಮಾತೇ ಬೇಡ. ಅನೇಕ ಕಾರುಗಳಲ್ಲಿ ಗ್ಲೌ ಬಾಕ್ಸಿನ ಹಿಂದಿರುವ ಫಿಲ್ಟರು ಧೂಳಿನಿಂದ ಕಟ್ಟಿಕೊಂಡಿರಬಹುದು. ಕಾರು ಓಡುವಾಗ ತಂಪು, ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ನಿಂತಾಗ ಬಿಸಿ ಎಂದಾದರೆ ಕಂಡೆನ್ಸರಿಗೆ ಗಾಳಿ ಬೀಸುವ ಫ್ಯಾನಿನ ಮೇಲೆ ಮೊದಲ ಅನುಮಾನ. ಹಲವು ಕಾರುಗಳಲ್ಲಿ ಏ.ಸಿ. ಗುಂಡಿಯನ್ನೊತ್ತಿದೊಡನೆ ಕಂಪ್ರೆಸರಿನ ಕ್ಲಚ್ಚು “ಟಕ್” ಎನ್ನುತ್ತದೆ. ಆ ಸದ್ದಿಲ್ಲದಿದ್ದರೆ ಫ್ಯೂಸು ಹೋಗಿರಬಹುದು, ರಿಲೇ ಕೆಟ್ಟಿರಬಹುದು. ಅನಿಲ ತೀರ ಕಡಿಮೆಯಾದಾಗಲೂ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ಉಳಿಸಲೆಂದೇ ಓಡಗೊಡುವುದಿಲ್ಲ. ಕೊಳವೆಯ ಕೀಲಿನಲ್ಲಿ ಎಣ್ಣೆಜಿಡ್ಡಿನ ಕಲೆ ಕಂಡರೆ ಅದು ಸೋರಿಕೆಯ ಗುರುತು, ಏಕೆಂದರೆ ಅನಿಲದೊಡನೆ ಎಣ್ಣೆಯೂ ಸಂಚರಿಸುತ್ತದೆ. ಇಷ್ಟನ್ನು ನೋಡಿ ಹೇಳಿದರೆ ಸಾಕು, ಕೀಲುಗಳನ್ನು ತಾವೇ ಬಿಚ್ಚಲು ಹೋಗಬಾರದು. ವಾಯುಮಂಡಲದ ಒತ್ತಡದಲ್ಲಿ ಈ ಅನಿಲದ ಕುದಿಬಿಂದು ಮೈನಸ್ 26 ಡಿಗ್ರಿ. ಕಣ್ಣಿಗೆ ಸಿಡಿದರೆ ಅನಾಹುತ.

ನಮ್ಮ ಕಾರಿನ ರೋಗವನ್ನು ಹಿಡಿದವರು ಜೆ.ಸಿ. ರಸ್ತೆಯ ಬಳಿಯ ವಯೋವೃದ್ಧ ಮೇಸ್ತ್ರಿಗಳು. ಅವರು ಅನಿಲ ತುಂಬಿಸಲು ಅವಸರಿಸಲಿಲ್ಲ. ಕೊಳವೆಗಳಿಗೆ ನೈಟ್ರೋಜನ್ ಒತ್ತಿ, ಸಾಬೂನಿನ ನೊರೆ ಸವರಿ ಕುಳಿತರು. ಕಂಡೆನ್ಸರಿನ ಕೆಳಮೂಲೆಯಲ್ಲಿ, ಕಲ್ಲು ಸಿಡಿದು ತಗ್ಗಾಗಿದ್ದೆಡೆಯಲ್ಲಿ, ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಎದ್ದವು. ಕಂಡೆನ್ಸರನ್ನೂ ತೇವ ಹೀರುವ ಡ್ರೈಯರನ್ನೂ ಬದಲಿಸಿ, ಅರ್ಧ ಗಂಟೆಗೂ ಮೀರಿ ವ್ಯಾಕ್ಯೂಮ್ ಎಳೆದು, ಬಾನೆಟ್ಟಿನಡಿಯ ಚೀಟಿಯಲ್ಲಿ ಬರೆದಷ್ಟೇ ಅನಿಲವನ್ನು ತೂಗಿ ತುಂಬಿದರು. ಹೆಚ್ಚು ತುಂಬಿದರೂ ತಂಪು ಕುಗ್ಗುತ್ತದೆಯಂತೆ. ಎರಡು ಸಲ ತುಂಬಿಸಿದ್ದಕ್ಕಿಂತ ಖರ್ಚು ಹೆಚ್ಚೇ ಆಯಿತು; ಆದರೆ ಮೊದಲ ದಿನವೇ ಮಾಡಿಸಿದ್ದರೆ ಆ ಎರಡರ ಹಣವೂ ಉಳಿಯುತ್ತಿತ್ತು.

ಆಕಾಶಕ್ಕೆ ನಾವು ಸೋರಲು ಬಿಟ್ಟ ಆರ್-134ಎ ಅನಿಲದ ವಿಚಾರವೂ ಮನಸ್ಸನ್ನು ಚುಚ್ಚಿತು. ಓಝೋನ್ ಪದರವನ್ನು ಕೆಡಿಸುತ್ತಿದ್ದ ಹಳೆಯ ಆರ್-12ರ ಸ್ಥಾನದಲ್ಲಿ ಬಂದ ಇದು ಓಝೋನನ್ನು ಕೆಡಿಸದು, ನಿಜ. ಆದರೆ ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಕಾಯಿಸುತ್ತದೆ.

ದುರಸ್ತಿಯ ಮರುವಾರ ಜಯನಗರಕ್ಕೆ ಹೋಗಿ ಬಂದೆವು. ಮನೆಯ ಮುಂದೆ ಇಳಿದ ಅಕ್ಕನವರು ಕಾರಿನಡಿ ನೀರು ತೊಟ್ಟಿಕ್ಕುವುದನ್ನು ಕಂಡು, “ಮತ್ತೆ ಸೋರ್ತಾ ಇದೆಯಲ್ಲೋ ತಮ್ಮಾ!” ಎಂದು ಗಾಬರಿಯಾದರು. ಅದು ಗಾಳಿಯಲ್ಲಿನ ತೇವವು ತಣ್ಣನೆಯ ಕಾಯಿಲಿನ ಮೇಲೆ ಹನಿಗಟ್ಟಿ ಇಳಿದ ನೀರು, ಏ.ಸಿ. ಸರಿಯಾಗಿರುವುದಕ್ಕೆ ಅದೇ ಸಾಕ್ಷಿ ಎಂದು ಅವರಿಗೆ ವಿವರಿಸುವಷ್ಟರಲ್ಲಿ ಕಾಫಿಯ ಹೊತ್ತಾಯಿತು.