ಮೈಲಾಪೂರ್ ಬಾಲ್ಕನಿಯಲ್ಲಿ ವೀಳ್ಯದೆಲೆ

ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಮಾಡವೀದಿಗಳಲ್ಲಿ ವೀಳ್ಯದೆಲೆಗೆ ಬರವಿಲ್ಲ. ‘ವೆಟ್ರಿಲೈ’ ಎಂದರೆ ಸಾಕು. ಆದರೂ ಗೌರಿಹಬ್ಬದ ತಾಂಬೂಲಕ್ಕೆ ಮನೆಯದೇ ಎಲೆಯಿದ್ದರೆ ಆ ಸಂತೋಷವೇ ಬೇರೆ. ಊರಿಂದ ಬರುವಾಗ ಮೈಸೂರು ಚಿಗುರೆಲೆ ಬಳ್ಳಿಯ ಎರಡು ಮೂರು ಗೆಣ್ಣಿನ ತುಂಡು ತನ್ನಿ. ಗೊಬ್ಬರ, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಹಬ್ಬಲು ಕೋಲು ಕೊಡಿ. ಚೆನ್ನೈನ ಮೇ ಬಿಸಿಲು ನೇರ ತಾಗಿದರೆ ಎಲೆ ಸುಡುತ್ತದೆ. ಅಕ್ಟೋಬರ್–ಡಿಸೆಂಬರ್ ಮಳೆಯಲ್ಲಿ ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಮೆಟ್ರೋ ವಾಟರ್ ಹಾಕಿ.

ಒಂದು ಎಚ್ಚರಿಕೆ: ಮನಿಪ್ಲಾಂಟ್ ಎಲೆಯೂ ಹೃದಯದಾಕಾರದ್ದೇ. ಅದನ್ನು ಅಗಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ಬಾಯಿ ಉರಿದು ಊದಿಕೊಳ್ಳುತ್ತದೆ. ವೀಳ್ಯದೆಲೆ ಕಿತ್ತು ಬಾಯಿಗಿಡುವ ಮಕ್ಕಳಿದ್ದರೆ ಎರಡನ್ನೂ ಅಕ್ಕಪಕ್ಕ ಇಡಬೇಡಿ. ಹೊಸಕಿ ಮೂಸಿ ನೋಡಿ. ಖಾರದ ಘಮ ಬಂದರೆ ವೀಳ್ಯದೆಲೆ.